ಮಾಸ್ ಪ್ಯಾಕೆಟ್ಟನ್ನು ನೇರವಾಗಿ ಶ್ರಿಂಪ್ ಟ್ಯಾಂಕಿಗೆ ಹಾಕಬೇಡಿ

ಅಕ್ವೇರಿಯಂನಲ್ಲಿ ಚೆರ್ರಿ ಶ್ರಿಂಪ್ (ಪುಟ್ಟ ಸಿಹಿನೀರಿನ ಸಿಗಡಿ) ಸಾಕುವವರು, ಅದರಲ್ಲೂ ಆನ್‌ಲೈನ್‌ನಲ್ಲಿ ಜಾವಾ ಮಾಸ್, ಕ್ರಿಸ್ಮಸ್ ಮಾಸ್ ಥರದ ನೀರಿನ ಹಾವಸೆ ಗಿಡ ತರಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

"ತೊಳೆದೇ ಕಳಿಸ್ತೀವಿ ಸರ್, ಹುಳ-ಗಿಳ ಏನೂ ಇರಲ್ಲ" ಅಂದಿದ್ದರು ಮಾರುವವರು. ಬಂದ ಮಾಸ್ ಹಸಿರಾಗಿ ಚೆನ್ನಾಗಿಯೇ ಇತ್ತು, ಒಂದು ಬಸವನಹುಳುವೂ ಕಾಣಲಿಲ್ಲ. ಜಾಲಾಡಿ ಟ್ಯಾಂಕಿನ ಡ್ರಿಫ್ಟ್‌ವುಡ್‌ಗೆ (ಅಲಂಕಾರದ ಮರದ ತುಂಡು) ದಾರದಲ್ಲಿ ಕಟ್ಟಿದೆ. ಕೆಲವು ವಾರ ಕಳೆದ ಮೇಲೆ ಮರಿಗಳು ಕಾಣೆಯಾಗತೊಡಗಿದವು. ತಾಯಂದಿರ ಹೊಟ್ಟೆಯಡಿಯ ಮೊಟ್ಟೆಗಳು ಖಾಲಿಯಾಗುತ್ತಿದ್ದವು, ಆದರೆ ಮರಿಗಳೇ ಇಲ್ಲ. ನೀರು ಪರೀಕ್ಷಿಸಿದರೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಆಮೇಲೆ ದೊಡ್ಡ ಶ್ರಿಂಪ್‌ಗಳೂ ಕಡಿಮೆಯಾದವು.

ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಗೊತ್ತಾಯಿತು. ಮಾಸ್ ನಡುವೆ ಕಡ್ಡಿಯಂಥ ಹುಳು, ಆರು ಕಾಲು, ಬಾಲದ ತುದಿಯಲ್ಲಿ ಮೂರು ಚಪ್ಪಟೆ ಗರಿ. ಮರಿಯೊಂದು ಹತ್ತಿರ ಬರುವವರೆಗೂ ಮಿಸುಕಲಿಲ್ಲ. ಬಂದ ತಕ್ಷಣ ತಲೆಯಡಿ ಮಡಚಿಟ್ಟಿದ್ದ ಕೆಳದುಟಿಯನ್ನು ಫಟ್ಟನೆ ಚಾಚಿ ಹಿಡಿದುಕೊಂಡಿತು.

ಅದು ಡ್ಯಾಮ್ಸೆಲ್‌ಫ್ಲೈ ಮರಿ. ಏರೋಪ್ಲೇನ್ ಚಿಟ್ಟೆಯ ಬಳಗದ್ದೇ, ಆದರೆ ಕೂತಾಗ ಸಾಮಾನ್ಯವಾಗಿ ರೆಕ್ಕೆ ಮಡಚಿಕೊಳ್ಳುವ ಸಣಕಲು ಕೀಟ. ಬಯಲು ತೊಟ್ಟಿಗಳಲ್ಲಿ ಬೆಳೆಸಿದ ಗಿಡಗಳ ಒಳಗೇ ಮೊಟ್ಟೆ ಚುಚ್ಚಿಡುತ್ತದೆ. ಹಾಗಾಗಿ ನಲ್ಲಿ ಕೆಳಗೆ ಎಷ್ಟು ತೊಳೆದರೂ ಮೊಟ್ಟೆ ಹೋಗುವುದಿಲ್ಲ. ಶ್ರಿಂಪ್ ಮರಿಗಳು ಮೇಯುವುದೂ ಅಡಗುವುದೂ ಮಾಸ್‌ನಲ್ಲೇ. ಅವುಗಳಿಗೆಂದು ಕಟ್ಟಿದ ಆಸರೆಯಲ್ಲೇ ಬೇಟೆಗಾರ ಕೂತಿತ್ತು ಎನ್ನುವುದು ನನಗೆ ಈಗಲೂ ಸಂಕಟ.

ಇದಕ್ಕೆ ಔಷಧಿ ಹುಡುಕಬೇಡಿ. ಕೀಟವನ್ನು ಕೊಲ್ಲುವ ಔಷಧಿ ಶ್ರಿಂಪನ್ನೂ ಕೊಲ್ಲುತ್ತದೆ. ಪ್ಲನೇರಿಯಾ ಎಂಬ ಚಪ್ಪಟೆ ಹುಳುಗಳಿಗೆ ಹಾಕುವ ಫೆನ್‌ಬೆಂಡಜೋಲ್ ಔಷಧಿ ಇಲ್ಲಿ ನಂಬುವಂಥದ್ದಲ್ಲ. ಟ್ಯಾಂಕಿಗೆ ಮೀನು ತಂದು ಬಿಟ್ಟರೆ ಅದು ಹುಳುವಿನ ಜೊತೆ ಶ್ರಿಂಪ್ ಮರಿಗಳನ್ನೂ ನುಂಗುತ್ತದೆ. ಮಾಸ್ ಪೂರ್ತಿ ಬಿಚ್ಚಿ, ಬಿಳಿ ಟಬ್ಬಿನಲ್ಲಿ ಹರಡಿ, ಚಿಮಟದಲ್ಲಿ ಒಂದೊಂದಾಗಿ ಹೆಕ್ಕುವುದೊಂದೇ ನನಗೆ ಉಳಿದ ದಾರಿ. ಕೊನೆಗೆ ಆ ಮಾಸ್ಸನ್ನೇ ಎಸೆದೆ.

ಟಿಶ್ಯೂ ಕಲ್ಚರ್ ಕಪ್ ಸಿಕ್ಕರೆ ಅದನ್ನೇ ಕೊಳ್ಳಿ. ಲ್ಯಾಬಿನ ಜೆಲ್‌ನಲ್ಲಿ ಬೆಳೆದದ್ದು, ಮೊಟ್ಟೆಯ ಕಾಟವಿಲ್ಲ. ಬೆಲೆ ಜಾಸ್ತಿ, ನಿಜ. ಆದರೆ ಮಾಸ್‌ಗೆ ಬೇರಿನ ಹಂಗಿಲ್ಲ, ತುಂಡು ತುಂಡಾದರೂ ಬೆಳೆಯುತ್ತದೆ, ಒಂದು ಕಪ್ ಸಾಕು. ತೊಟ್ಟಿಯದ್ದೇ ಆದರೆ ಬೇರೆ ಬಕೆಟ್‌ನಲ್ಲಿ ಬೆಳಕು ಕೊಟ್ಟು ಕೆಲವು ವಾರ ಇಡಿ, ನೀರು ಬದಲಿಸುತ್ತಿರಿ, ರಾತ್ರಿ ಟಾರ್ಚ್ ಹಾಕಿ ನೋಡಿ. ಫಾರ್ಮ್‌ನವರು ಕೀಟನಾಶಕ ಹೊಡೆದಿದ್ದರೆ ಅದರ ಅಂಶವೂ ಅಷ್ಟರಲ್ಲಿ ಇಳಿಯುತ್ತದೆ. ಬ್ಲೀಚ್‌ನಲ್ಲಿ ಅದ್ದುವ ಸಲಹೆ ಬೇಡ, ಮಾಸ್ ತಾಳುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಆಗುವುದೂ ಅಲ್ಲ. 2021ರಲ್ಲಿ ಅಮೆರಿಕದ ಸಿಯಾಟಲ್‌ನ ಅಂಗಡಿಯೊಂದರಲ್ಲಿ 'ಮಾಸ್ ಬಾಲ್' ಹೆಸರಲ್ಲಿ ಮಾರುವ ಮರಿಮೋ ಉಂಡೆಗಳಲ್ಲಿ (ಅದು ಮಾಸ್ ಅಲ್ಲ, ಪಾಚಿ) ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಸಿಕ್ಕಿತ್ತು. ಕೆರೆ-ಹೊಳೆಗೆ ಸೇರಿದರೆ ಅನಾಹುತ ಎಂದು ಅಲ್ಲಿ ಅವನ್ನು ನಾಶಮಾಡಲು ಹೇಳಿದರು. ನೀವೂ ಬೇಡವಾದ ಮಾಸ್ಸನ್ನು ಕೆರೆಗೋ ಚರಂಡಿಗೋ ಹಾಕಬೇಡಿ. ಬಿಸಿಲಲ್ಲಿ ಗರಿಗರಿಯಾಗುವಂತೆ ಒಣಗಿಸಿ ಕಸಕ್ಕೆ ಹಾಕಿ.