ಬಯಲಲ್ಲಿ ಎದ್ದ ದೊಡ್ಡ ಬಿಳಿ ಅಣಬೆ ಕಿತ್ತು ತರಬೇಡಿ

ನಮ್ಮ ಬಡಾವಣೆಯ ಖಾಲಿ ಸೈಟಿನ ಹುಲ್ಲಲ್ಲಿ ಇವತ್ತು ಬೆಳಗ್ಗೆ ಮತ್ತೆ ಬಿಳಿ ಅಣಬೆ ಎದ್ದಿವೆ. ನೋಡಿದ ಕೂಡಲೇ ಹೊಟ್ಟೆ ತೊಳಸಿತು. ಹೋದ ವರ್ಷ ಇದೇ ಜಾಗದ ಅಣಬೆ ತಿಂದು ನಾನು, ಅಮ್ಮ ಇಬ್ಬರೂ ಆಸ್ಪತ್ರೆ ಸೇರಿದ್ದೆವು.

ಅಮ್ಮ ಮಲೆನಾಡಿನವರು. ಗುಡುಗು ಮಳೆ ಬಿದ್ದ ಮರುದಿನ ಹುತ್ತದಣಬೆ ಹುಡುಕಿಕೊಂಡು ಹೋಗುತ್ತಿದ್ದವರು. ಅವತ್ತು ಇಲ್ಲಿ ಅಂಗೈಗಿಂತ ಅಗಲದ ಕೊಡೆಗಳು ಹುಲ್ಲಲ್ಲಿ ಬಳೆಯಾಕಾರದಲ್ಲಿ ಸುತ್ತಲೂ ನಿಂತಿದ್ದವು. ಬಿಳಿ ಕೊಡೆ, ಮೇಲೆ ಕಂದು ಚಕ್ಕೆ, ಕಾಂಡದಲ್ಲಿ ಮೇಲೆ ಕೆಳಗೆ ಜಾರುವ ಉಂಗುರ. ಹುತ್ತದಣಬೆಯೇ ಅಂದುಕೊಂಡು ಅಮ್ಮನಿಗೆ ಖುಷಿಯೋ ಖುಷಿ. ಅರಿಶಿನ, ಬೆಳ್ಳುಳ್ಳಿ ಹಾಕಿ ಕುದಿಸಿದರು. ಬೆಳ್ಳುಳ್ಳಿ ಕಪ್ಪಾಗಲಿಲ್ಲ, ಹಾಗಾಗಿ ವಿಷ ಇಲ್ಲ ಅಂತ ನಂಬಿದೆವು. ಆ ಪರೀಕ್ಷೆ ಸುಳ್ಳು. ಬೆಳ್ಳಿ ನಾಣ್ಯ ಹಾಕಿ ಕುದಿಸಿ ಕಪ್ಪಾಗುತ್ತಾ ಅಂತ ನೋಡೋದೂ ಸುಳ್ಳು, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಅನ್ನೋದೂ ಸುಳ್ಳು.

ಉಂಡಿದ್ದು ಒಂದೂವರೆಗೆ. ಮೂರು ಗಂಟೆಗೆಲ್ಲ ಅಮ್ಮನಿಗೆ ವಾಂತಿ ಶುರು, ಅರ್ಧ ಗಂಟೆ ಬಿಟ್ಟು ನನಗೆ. ಆಮೇಲೆ ಭೇದಿ, ಕರುಳು ಹಿಂಡಿದ ಹಾಗೆ ನೋವು. ಸಂಜೆ ಹೊತ್ತಿಗೆ ಅಮ್ಮನ ಹೊಟ್ಟೆಯಲ್ಲಿ ಒಂದು ಗುಟುಕು ನೀರೂ ನಿಲ್ಲುತ್ತಿರಲಿಲ್ಲ. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಎರಡು ದಿನ ಡ್ರಿಪ್ ಹಾಕಿದರು.

ಬುಟ್ಟಿಯಲ್ಲಿ ಉಳಿದಿದ್ದ ಒಂದು ಬಲಿತ ಅಣಬೆಯ ಕಾಂಡ ಮುರಿದು, ಬಿ.ಎಸ್ಸಿ. ಓದುವ ತಮ್ಮ ಕೊಡೆಯನ್ನು ರಾತ್ರಿ ಬಿಳಿ ಹಾಳೆಯ ಮೇಲೆ ಇಟ್ಟಿದ್ದ. ಬೆಳಗ್ಗೆ ಎತ್ತಿದರೆ ಕೊಡೆಯಡಿಯಿಂದ ಉದುರಿದ ಬೀಜಕಣಗಳು, ಗೆರೆ ಗೆರೆಯಾಗಿ ಹಸಿರು ಪುಡಿ! ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಅಂತ ಇದರ ಹೆಸರು. ಆ ಹಸಿರು ಪುಡಿಯೇ ಗುರುತು. ಆದರೆ ಎಳೆಯದರಲ್ಲಿ ಕೊಡೆಯಡಿಯ ಪದರ ಬೆಳ್ಳಗೇ ಇರುತ್ತದೆ, ಬಲಿತ ಮೇಲಷ್ಟೇ ಹಸಿರಾಗೋದು. ನಾವು ಕಿತ್ತಿದ್ದು ಜಾಸ್ತಿ ಎಳೆಯವೇ. ಮೋಸ ಹೋಗಿದ್ದು ಅಲ್ಲೇ.

ಹುತ್ತದಣಬೆಯ ಬುಡ ಬೇರಿನ ಹಾಗೆ ಮಣ್ಣೊಳಗೆ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ. ಇವು ಸುಮ್ನೆ ಎಳೆದರೆ ಕಿತ್ತು ಬಂದಿದ್ದವು. ಅಮ್ಮ ಅದನ್ನು ಆಮೇಲೆ ನೆನೆದು ನೆನೆದು ಅತ್ತರು.

ಯಾರಾದರೂ ತಿಂದುಬಿಟ್ಟಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಉಳಿದ ಅಣಬೆ, ಸಿಪ್ಪೆ ಏನಿದ್ದರೂ ಕವರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿ. ಆರು ಗಂಟೆ ಕಳೆದ ಮೇಲೆ ವಾಂತಿ ಶುರುವಾದರೆ ಇನ್ನೂ ಅವಸರ ಮಾಡಿ, ಅಷ್ಟು ತಡವಾಗಿ ಕಾಣುವ ವಿಷ ಲಿವರಿಗೇ ಹೊಡೆಯಬಹುದು.