ಎರಿ ಮಣ್ಣಿನ ಸೀಮೆಯಲ್ಲಿ ಹಿಮಾಲಯನ್ 450: ಎಲ್ಲ ಹಂಗಾಮು ಓಡಿಸಿದ ಮೇಲೆ

ಡಾಂಬರಿಗೂ ಹೊಲದ ದಾರಿಗೂ ಒಂದೇ ಗಾಡಿ ಬೇಕು ಅಂತ ಹುಡುಕುವವರು ನಮ್ಮ ಬಾಗಲಕೋಟೆ ಕಡೆ ಈಗ ಬಹಳ ಜನ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಸಿಸಿ ಆಮೇಲೆ ನೋಡಿ, ಮೊದಲು ತೂಕ ನೋಡಿ, ನಿಮ್ಮ ದಾರಿಯ ಮಣ್ಣು ಯಾವುದು ಅಂತ ನೋಡಿ.

ನನ್ನದು ಹನಿ ನೀರಾವರಿ ಕೆಲಸ. ಬೀಳಗಿ, ಮುಧೋಳ, ಜಮಖಂಡಿ ತಾಲೂಕುಗಳ ಕಬ್ಬಿನ ಹೊಲಗಳಿಗೆ ಹೋಗಿ ಪೈಪು, ಫಿಲ್ಟರು, ವಾಲ್ವು ನೋಡಿ ಬರಬೇಕು. ಆಗಾಗ ಬೆಳಗಾವಿಗೂ ಹೋಗಬೇಕು. ಮೊದಲು ರಾಯಲ್ ಎನ್‌ಫೀಲ್ಡ್ ಕಂಪನಿಯ ಹಳೆಯ ಹಿಮಾಲಯನ್ 411 ಬೈಕ್ ಇತ್ತು. ಅದರ ಹೊಸ ರೂಪ 450 ತಗೊಂಡದ್ದು 2024ರಲ್ಲಿ. ಬೇಸಿಗೆ, ಮಳೆಗಾಲ, ಸಕ್ಕರೆ ಕಾರ್ಖಾನೆ ಹಂಗಾಮು ಎಲ್ಲ ಕಂಡಾಗಿದೆ.

ಹೈವೇ ವಿಷಯದಲ್ಲಿ ತಕರಾರೇ ಇಲ್ಲ. 452 ಸಿಸಿ, ಲಿಕ್ವಿಡ್ ಕೂಲ್ಡ್ ಇಂಜಿನ್, 40 ಪಿಎಸ್ ಶಕ್ತಿ, ಆರು ಗೇರು. 411ರಲ್ಲಿ 24 ಚಿಲ್ಲರೆ ಪಿಎಸ್, ಐದೇ ಗೇರು. ಇದರ ಬೆಲೆ ಗೊತ್ತಾಗುವುದು ಕಬ್ಬಿನ ಹಂಗಾಮಿನ ರಾತ್ರಿ. ಗದ್ದನಕೇರಿ ಕ್ರಾಸ್ ದಾಟಿದರೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳ ಸಾಲು. ಎಷ್ಟೋ ಟ್ರೇಲರ್‌ಗೆ ಹಿಂದೆ ಲೈಟ್ ಇರುವುದಿಲ್ಲ, ಕಬ್ಬು ಎರಡೂ ಕಡೆ ಹೊರಗೆ ಚಾಚಿರುತ್ತದೆ. ಎದುರಿನ ದಾರಿ ಖಾಲಿಯಾದ ಆ ಸ್ವಲ್ಪ ಹೊತ್ತಿನಲ್ಲಿ ಎರಡು ಟ್ರೇಲರಿನ ಉದ್ದ ದಾಟಿ ಮುಂದೆ ಬರಬೇಕು. 411ರಲ್ಲಿ ಆಗ ಲೆಕ್ಕ ಹಾಕುತ್ತಿದ್ದೆ. ಇದರಲ್ಲಿ ಒಂದು ಗೇರು ಇಳಿಸಿದರೆ ಸಾಕು. ಹಿಂದೆ ಮನೆಯವರು ಕೂತು, ಎರಡೂ ಬದಿ ಬ್ಯಾಗು ಹಾಕಿ, ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ಹೋದರೂ ಇಂಜಿನ್ ಏದುಸಿರು ಬಿಡುವುದಿಲ್ಲ. ಹೈವೇಯಲ್ಲಿ ನನಗೆ ಲೀಟರಿಗೆ 30ರ ಆಸುಪಾಸು ಸಿಗುತ್ತದೆ. ಟ್ಯಾಂಕು 17 ಲೀಟರ್ ಇರುವುದರಿಂದ ಹೋಗಿ ಬರುವುದಕ್ಕೆ ಪೆಟ್ರೋಲ್ ಚಿಂತೆ ಇಲ್ಲ.

ಗರಸಿನ, ಅಂದರೆ ಜಲ್ಲಿ ಮಣ್ಣಿನ, ದಾರಿಯಲ್ಲೂ ಇದರದ್ದೇ ರಾಜ್ಯ. ಮುಂದಿನ ಚಕ್ರ 21 ಇಂಚು, ಸಸ್ಪೆನ್ಷನ್ ಎರಡೂ ಕಡೆ 200 ಮಿಲಿಮೀಟರ್ ಓಡುತ್ತದೆ, ನೆಲದಿಂದ ಎತ್ತರ 230. ಕಾಲುವೆ ಏರಿ ಮೇಲಿನ ದಾರಿ, ಕಡಿ ಹಾಕಿ ರೋಲರ್ ಹೊಡೆಯದೆ ಬಿಟ್ಟ ರಸ್ತೆ, ಹಳ್ಳದ ಕಲ್ಲು, ಎಲ್ಲದರ ಮೇಲೆ ಪೆಗ್ ಮೇಲೆ ಎದ್ದು ನಿಂತರೆ ಗಾಡಿ ತಾನೇ ದಾರಿ ಹುಡುಕಿಕೊಳ್ಳುತ್ತದೆ. ಗರಸಿನ ಇಳಿಜಾರಿನಲ್ಲಿ ಹಿಂದಿನ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬಂದ್ ಮಾಡಲೇಬೇಕು. ಸಡಿಲ ಕಡಿಯ ಮೇಲೆ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಗಾಡಿ ನಿಲ್ಲುವ ಬದಲು ಜಾರುತ್ತಾ ಹೋಗುತ್ತದೆ. ಬಂದ್ ಮಾಡಿದರೆ ಹಿಂದಿನ ಚಕ್ರ ಲಾಕ್ ಆಗಿ ಕಡಿಯನ್ನು ಕೆದರಿಕೊಂಡು ನಿಲ್ಲುತ್ತದೆ. ಹೊಸಬರು ಇದನ್ನು ಖಾಲಿ ಜಾಗದಲ್ಲಿ ಕಲಿತು ಆಮೇಲೆ ಇಳಿಜಾರಿಗೆ ಹೋಗಿ.

ಒಂದು ವ್ಯತ್ಯಾಸ ಮಾತ್ರ ರೂಢಿಯಾಗಲು ಸಮಯ ಬೇಕಾಯಿತು. ಹಳೆಯ 411 ಕಡಿಮೆ ಆರ್‌ಪಿಎಂನಲ್ಲೇ ಎತ್ತಿನ ಹಾಗೆ ಎಳೆಯುತ್ತಿತ್ತು. 450ರ 40 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಪೂರ್ತಿ ಸಿಗುವುದು 5500 ಆರ್‌ಪಿಎಂಗೆ. ಹೊಲದ ತಿರುವಿನಲ್ಲಿ ಎರಡನೇ ಗೇರಿನಲ್ಲಿ ಸೋಮಾರಿಯಾಗಿ ಹೋಗೋಣ ಅಂದರೆ ಆಗುವುದಿಲ್ಲ, ಮೊದಲ ಗೇರಿಗೆ ಇಳಿಸಿ ಕ್ಲಚ್ ಮೇಲೆ ಬೆರಳಿಟ್ಟು ಓಡಿಸಬೇಕು.

ಈಗ ಎರಿ ಮಣ್ಣು, ಅಂದರೆ ನಮ್ಮ ಕಡೆಯ ಅಂಟುವ ಕಪ್ಪು ಮಣ್ಣು. ಡಾಂಬರಿನಿಂದ ಹೊಲದ ದಾರಿಗೆ ಇಳಿದಾಗ ಮಳೆ ನಿಂತು ಒಂದು ತಾಸು ಆಗಿದೆ ಅಂದುಕೊಳ್ಳಿ. ಮೊದಲ ಹತ್ತು ಮಾರು ಏನೂ ಅನಿಸುವುದಿಲ್ಲ. ಆಮೇಲೆ ಟೈರಿನ ಗೆರೆಗಳು ತುಂಬಿ ಮುಚ್ಚಿ ಟೈರು ನುಣ್ಣಗಾಗುತ್ತದೆ. ಮಣ್ಣಿನ ಮೇಲೆ ಮಣ್ಣು ಸುತ್ತಿಕೊಂಡು ಚಕ್ರ ದಪ್ಪವಾಗುತ್ತಾ ಬರುತ್ತದೆ. ಮಡ್‌ಗಾರ್ಡಿನ ಒಳಗೆ ಹುಲ್ಲು, ರವದಿ (ಕಬ್ಬಿನ ಒಣ ಎಲೆ), ಮಣ್ಣು ಸೇರಿ ಗಟ್ಟಿಯಾಗಿ ಕೂತು ಮುಂದಿನ ಚಕ್ರ ತಿರುಗುವುದನ್ನೇ ಬಿಡುತ್ತದೆ. ಇಂಜಿನ್ ಎಳೆಯುತ್ತಿರುತ್ತದೆ, ಮುಂದಿನ ಚಕ್ರ ಮಾತ್ರ ನೇಗಿಲಾಗಿ ನೆಲ ಸೀಳುತ್ತಿರುತ್ತದೆ. ಇಲ್ಲಿ 40 ಪಿಎಸ್ ಏನೂ ಕೆಲಸಕ್ಕೆ ಬರುವುದಿಲ್ಲ. ಕಡ್ಡಿ ಹಿಡಿದು ಕೂತು ಮಣ್ಣು ಕೆದರಬೇಕು, ಮತ್ತೆ ಹತ್ತು ಮಾರು, ಮತ್ತೆ ಕೆದರಬೇಕು. ಆ ಹೊತ್ತಿಗೆ ಕೈಗೆ ಸಿಗುವುದು ಗಾಡಿಯ ತೂಕ ಒಂದೇ. 450 ಪೆಟ್ರೋಲ್ ಸಮೇತ 196 ಕಿಲೋ, ಅದರ ಮೇಲೆ ಮೆತ್ತಿದ ಮಣ್ಣು ಬೇರೆ. ಮುಧೋಳ ಕಡೆಯ ಒಬ್ಬ ಹಿರಿಯರು ನನ್ನನ್ನು ಇಂಥ ಕಡೆ ನೋಡಿ, "ಸಾಹೇಬ್ರ, ಗಾಡಿ ಡಾಂಬರ ಮ್ಯಾಲೆ ಹಚ್ಚಿ ಬರ್ರಿ, ನಡಕೊಂತ ಹೋಗೂಣು" ಅಂದರು. ಈಗ ಹಾಗೇ ಮಾಡುತ್ತೇನೆ. ಯಾವ ಗಾಡಿ ಇದ್ದರೂ ಹಸಿ ಎರಿಯಲ್ಲಿ ಇದೇ ಪಾಡು, ಆದರೆ ಹಗುರ ಗಾಡಿಯನ್ನು ಒಬ್ಬರೇ ಎಳೆದು ಬದುವಿಗೆ ತರಬಹುದು. ಇದನ್ನು ತರಲು ಇನ್ನೊಬ್ಬರು ಬೇಕು.

ಬೆಳಗಾವಿ ಕಡೆಯ ಮಣ್ಣಿನ ಸ್ವಭಾವವೇ ಬೇರೆ. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನ ಕೆಂಪು ಮಣ್ಣು ಮಳೆಯಲ್ಲಿ ಜಾರುತ್ತದೆ, ಆದರೆ ಹೀಗೆ ಚಕ್ರಕ್ಕೆ ಸುತ್ತಿಕೊಳ್ಳುವುದಿಲ್ಲ. ಅಲ್ಲಿಯ ಗೆಳೆಯರು 450 ಮಳೆಗಾಲಕ್ಕೂ ಸೈ ಅನ್ನುತ್ತಾರೆ. ಅವರ ಮಾತು ಅವರ ಊರಿಗೆ ಸರಿ. ವಿಜಯಪುರದವರು, ನಾವು, ಅದನ್ನು ನಂಬಿ ತಗೊಳ್ಳುವಂತಿಲ್ಲ.

ಬೇಸಿಗೆಯಲ್ಲಿ ಅದೇ ಎರಿ ನೆಲ ಬಿರುಕು ಬಿಡುತ್ತದೆ. ಅಡ್ಡ ಬಿರುಕನ್ನು 21ರ ಚಕ್ರ ಲೆಕ್ಕಕ್ಕೇ ಇಡುವುದಿಲ್ಲ. ದಾರಿಯುದ್ದಕ್ಕೆ ಬಿಟ್ಟ ಬಿರುಕಿನಲ್ಲಿ ಚಕ್ರ ಇಳಿದರೆ ಹ್ಯಾಂಡಲ್ ತಿರುಗಿಸಲು ಆಗುವುದಿಲ್ಲ, ಅದಕ್ಕೆ ಕಣ್ಣು ದೂರ ಇಟ್ಟು ಓಡಿಸಿ. ರೇಡಿಯೇಟರ್ ಜಾಲರಿಯಲ್ಲಿ ಒಣಗಿದ ಮಣ್ಣು ಕೂತಿದ್ದರೆ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ನಿಲ್ಲದೆ ತಿರುಗುತ್ತದೆ. ಪ್ರೆಶರ್ ವಾಶ್‌ನವರು ಹತ್ತಿರ ಹಿಡಿದು ಹೊಡೆದರೆ ಅದರ ತೆಳು ತಗಡು ಮಡಚಿಕೊಳ್ಳುತ್ತದೆ, ಹಾಗಾಗಿ ಮನೆಯಲ್ಲೇ ಬಕೆಟ್ ನೀರು ಹಾಕಿ ನೆನೆಸಿ ತೊಳೆಯುತ್ತೇನೆ. ಕಬ್ಬು ಕಡಿದ ಹೊಲದಲ್ಲಿ ಒಣ ರವದಿ ಮೇಲೆ ಮಾತ್ರ ಗಾಡಿ ನಿಲ್ಲಿಸಬೇಡಿ. ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಲು ಬಹಳ ಹೊತ್ತು ಬೇಡ.

ನನ್ನದು ಟ್ಯೂಬ್ ಇರುವ ಸ್ಪೋಕ್ ವೀಲ್. ಆಮೇಲೆ ಟ್ಯೂಬ್‌ಲೆಸ್ ಸ್ಪೋಕ್ ವೀಲ್ ಆಯ್ಕೆಯೂ ಬಂತು; ಈಗ ತಗೊಳ್ಳುವವರು ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಜಾಲಿ ಮುಳ್ಳಿನ ಸೀಮೆ ನಮ್ಮದು. ಕೆರೂರಿನ ಹತ್ತಿರ ಪಂಕ್ಚರ್ ಆದಾಗ ಅಂಗಡಿಯ ಹುಡುಗ ಟೈರು ಬಿಚ್ಚಿ ನೋಡಿ, "ಹರದ ಬಿಟ್ಟೈತ್ರಿ, 21ರ ಟ್ಯೂಬ್ ನಮ್ಮಲ್ಲಿ ಸಿಗಂಗಿಲ್ಲ" ಅಂದ. ಬ್ಯಾಗಿನಲ್ಲಿ ಒಂದು ಇತ್ತು, ಬಚಾವಾದೆ. 21ರ ಟ್ಯೂಬ್ ಒಂದು ಸದಾ ಇಟ್ಟುಕೊಂಡಿರಿ. ತುರ್ತಿಗೆ ಹಿಂದಿನ 17 ಇಂಚಿನ ಚಕ್ರಕ್ಕೂ ಮಡಚಿ ಹಾಕಿ ಮನೆ ಮುಟ್ಟಬಹುದು. ಕೈಪಂಪು ಕೂಡ ಇರಲಿ, ಮಣ್ಣಿಗೆ ಇಳಿಯುವಾಗ ಗಾಳಿ ಇಳಿಸಿದ್ದನ್ನು ಡಾಂಬರಿಗೆ ಬಂದ ಮೇಲೆ ತುಂಬಬೇಕಲ್ಲ.

ಸರ್ವಿಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೈನಿಗೆ ಎರಿ ಮಣ್ಣು ಹತ್ತಿದ ದಿನವೇ ತೊಳೆದು ಲ್ಯೂಬ್ ಹಾಕಿದರೆ ಸ್ಪ್ರಾಕೆಟ್ ಬಾಳುತ್ತದೆ, ಬಿಟ್ಟರೆ ಮಣ್ಣೇ ಅರದ ಕೆಲಸ ಮಾಡುತ್ತದೆ.

ಹಾಗಾದರೆ ಯಾರು ಯಾವುದು ತಗೊಳ್ಳಬೇಕು? ದಿನಾ ಹೊಲಕ್ಕೇ ಹೋಗುವವರು, ಒಬ್ಬರೇ ಓಡಿಸುವವರು ಹೀರೋ ಎಕ್ಸ್‌ಪಲ್ಸ್ 210 ನೋಡಿ. 168 ಕಿಲೋ, ಸಸ್ಪೆನ್ಷನ್ ಓಟ 450ಕ್ಕಿಂತ ಕೊಂಚ ಹೆಚ್ಚೇ. ಶಕ್ತಿ 24.6 ಪಿಎಸ್, ಹಾಗಾಗಿ ಇಬ್ಬರು ಕೂತು ಬ್ಯಾಗು ಹಾಕಿ ಹೈವೇಗೆ ಹೋಗುವವರಿಗೆ ಇದನ್ನು ಹೇಳಲಾರೆ. ಹೆಚ್ಚು ಡಾಂಬರು, ಅಪರೂಪಕ್ಕೆ ಗರಸು ಅನ್ನುವವರಿಗೆ ಸುಜುಕಿ ವಿ-ಸ್ಟ್ರೋಮ್ ಎಸ್‌ಎಕ್ಸ್ ನೆಮ್ಮದಿಯ ಗಾಡಿ: 249 ಸಿಸಿ, ಅಲಾಯ್ ಚಕ್ರ, ಟ್ಯೂಬ್‌ಲೆಸ್, ಮುಂದೆ 19 ಇಂಚು. 2025ರಲ್ಲಿ ಬಂದ ಹೊಸ ಕೆಟಿಎಂ 390 ಅಡ್ವೆಂಚರ್‌ಗೆ 46 ಪಿಎಸ್ ಇದೆ, ಮುಂದೆ 21ರ ಚಕ್ರವೂ ಬಂದಿದೆ. ವೇಗ ಬೇಕಾದವರ ಗಾಡಿ ಅದು.

ದುಡ್ಡಿನ ಲೆಕ್ಕವೂ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿಯಿತು, ಅದರ ಮೇಲಿನವಕ್ಕೆ 40 ಆಯಿತು. ನಾನು ತಗೊಂಡಾಗ ಇಷ್ಟು ಅಂತರ ಇರಲಿಲ್ಲ. ಚಿಕ್ಕ ಗಾಡಿ ತಗೊಂಡರೆ ಉಳಿಯುವ ಹಣದಲ್ಲಿ ಒಳ್ಳೆಯ ಹೆಲ್ಮೆಟ್, ಬೂಟು, ಮೊಣಕಾಲಿನ ಗಾರ್ಡು ಬರುತ್ತವೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಾನಂತೂ 450 ಮಾರುವುದಿಲ್ಲ. ಬೆಳಗಾವಿ ದಾರಿ ಇರುವವರೆಗೆ ನನಗೆ ಇದೇ ಬೇಕು. ಟೈರು ಸವೆದಿದೆ. ಮುಂಗಾರು ಹಿಡಿಯುವ ಮೊದಲು ಹಿಂದಕ್ಕೆ ದಪ್ಪ ಗುಬ್ಬಿಗಳ ಟೈರು ಹಾಕಿಸುತ್ತೇನೆ, ಡಾಂಬರಿನಲ್ಲಿ ಸ್ವಲ್ಪ ಗುಂಯ್ ಅಂದರೂ ಚಿಂತೆಯಿಲ್ಲ. ಮುಂದಕ್ಕೆ ಈಗಿನ ಥರದ್ದೇ ಇರಲಿ.