ಅಗಲಿದ ಜೊತೆಗಾರರ ಹೆಸರು ಕೆತ್ತಿಸಿದ ಅನುಭವ: ಕುಶಾಲನಗರದ ಒಂದು ಕಲ್ಲುಕೆತ್ತನೆ ಶೆಡ್

ಮೂವತ್ತೊಂದು ವರ್ಷ ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತನಾದ ನನಗೆ ಕಳೆದ ವರ್ಷ ಹಳೆಯ ಜೊತೆಗಾರರು ಒಂದು ಹೊಣೆ ವಹಿಸಿದರು. ಆನೆಯ ದಾಳಿಗೆ, ಕಾಡ್ಗಿಚ್ಚಿಗೆ, ಮಳೆಗಾಲದ ಹೊಳೆಗೆ ಸಿಕ್ಕಿ ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡ ನಮ್ಮ ಐವರ ಹೆಸರಿನಲ್ಲಿ, ಅವರು ಕೊನೆಯವರೆಗೂ ಓಡಾಡಿದ ಜಾಗದಲ್ಲಿ ಒಂದು ಸ್ಮಾರಕ ಶಿಲೆ ನಿಲ್ಲಿಸಬೇಕೆಂಬುದು ಎಲ್ಲರ ಬಯಕೆಯಾಗಿತ್ತು. ಹಣವನ್ನು ನಾವೇ ಕೂಡಿಸಿದೆವು. ಸೆಪ್ಟೆಂಬರ್ 11ರ ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನದ ಒಳಗೆ ಕಲ್ಲು ಸಿದ್ಧವಾಗಬೇಕಿತ್ತು. ಅದನ್ನು ಕೆತ್ತಿಕೊಟ್ಟ ಕುಶಾಲನಗರದ ಕೆತ್ತನೆಗಾರರ ಕೆಲಸವನ್ನು, ಇಂಥದೇ ದುಃಖದ ಹೊಣೆ ಹೊತ್ತ ಇತರರಿಗೆ ಉಪಯೋಗವಾಗಲೆಂದು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ವಿಚಾರಿಸಿದ ಒಂದೆರಡು ಕಡೆ ಲೇಸರ್ ಯಂತ್ರದಲ್ಲಿ ಎರಡೇ ದಿನದಲ್ಲಿ ಮುಗಿಸಿಕೊಡುವುದಾಗಿ ಹೇಳಿದ್ದರು. ನೋಡಲು ಅದು ಬಹಳ ಚೆಂದ. ಆದರೆ ಲೇಸರ್ ಕರಿಕಲ್ಲಿನ ಹೊಳಪನ್ನಷ್ಟೇ ಕೆರೆದು ಬೂದುಬಣ್ಣ ತರುತ್ತದೆಯೇ ಹೊರತು ಅಕ್ಷರಕ್ಕೆ ಆಳ ಕೊಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ನಮ್ಮ ಮಳೆಯಲ್ಲಿ ಬಯಲಲ್ಲಿ ನಿಂತ ಕಲ್ಲಿನ ಮೇಲೆ ಪಾಚಿ ಕಟ್ಟಿದರೆ ಅಂಥ ಬರಹ ಕಣ್ಣಿಗೆ ಬೀಳುವುದು ಕಷ್ಟ. ಮೈಸೂರು ರಸ್ತೆಯ ಬದಿಯಲ್ಲಿ ಫಲಕವೂ ಇಲ್ಲದ ತಗಡಿನ ಶೆಡ್ಡಿನಲ್ಲಿ ಕುಳಿತಿದ್ದ ಈ ಕೆತ್ತನೆಗಾರರು, ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ ಸ್ಟಿಕರ್ ಹಾಳೆಯ ಮೂಲಕ ಕಲ್ಲಿನ ಮೇಲೆ ಗುರುತು ಮಾಡಿಕೊಂಡರೂ ಉಳಿ ಸುತ್ತಿಗೆಯಿಂದ ಕೈಯಾರೆ ಕೆತ್ತುತ್ತಾರೆ. ನಾಲ್ಕು ಅಡಿ ಎತ್ತರದ ಚಾಮರಾಜನಗರದ ಕರಿಕಲ್ಲು, ಕೆತ್ತನೆ, ಸಾಗಣೆ ಎಲ್ಲ ಸೇರಿ 34,500 ರೂಪಾಯಿ ಆಯಿತು. ಲೇಸರಿಗಿಂತ ಇದು ದುಬಾರಿ, ಆದರೆ ಕೊಟ್ಟ ಹಣಕ್ಕೆ ನ್ಯಾಯ ಸಿಕ್ಕಿದೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಹೆಸರುಗಳ ವಿಷಯದಲ್ಲಿ ಅವರು ತೋರಿದ ಎಚ್ಚರವನ್ನು. ಪಟ್ಟಿ ಕೊಟ್ಟಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಇದು ಆಫೀಸಿನ ಹೆಸರೋ ಮನೆಯ ಹೆಸರೋ ಸಾರ್?’ ಎಂಬುದು. ಕೊಡವ ಗೆಳೆಯರೊಬ್ಬರ ಮನೆತನದ ಹೆಸರನ್ನು ನಮ್ಮ ಕಡತ ಒಂದೇ ಇನಿಷಿಯಲ್ಲಿಗೆ ಇಳಿಸಿತ್ತು. ಅದನ್ನು ಪೂರ್ತಿಯಾಗಿ, ಮೊದಲಿಗೇ ಬರೆಯಿಸಿದರು. ಜೇನುಕುರುಬ ಸಮುದಾಯದ ದಿನಗೂಲಿ ವಾಚರ್ ಒಬ್ಬರ ಹೆಸರನ್ನು ಮನೆಯವರಿಂದ ಒಮ್ಮೆ ಓದಿಸಿಕೊಂಡು ಬರಲೇಬೇಕೆಂದು ಪಟ್ಟು ಹಿಡಿದು ಕರಡು ಹಾಳೆಯನ್ನು ನನ್ನ ಕೈಗಿತ್ತರು. ಅವರ ಬುಡಕಟ್ಟಿನವರು ವಾಸಿಸುವ ಹಾಡಿಗೆ ಹೋದಾಗ, ಆಶ್ರಮ ಶಾಲೆಯಲ್ಲಿ ಓದುವ ಅವರ ಮಗಳು ಆ ಹಾಳೆಯನ್ನು ನೋಡಿ, ಅಪ್ಪನನ್ನು ಯಾರೂ ಹೀಗೆ ಕರೆಯುತ್ತಿರಲಿಲ್ಲ ಎಂದಳು. ಹದಿನಾಲ್ಕು ವರ್ಷ ನಾನು ಕೂಲಿ ಪಟ್ಟಿಯಲ್ಲಿ ಸಹಿ ಹಾಕಿದ್ದು ಒಂದು ತಪ್ಪು ಹೆಸರಿನ ಎದುರಿಗೆ. ಆ ದಿನ ಹಿಂತಿರುಗಿ ಬರುವಾಗ ನನಗೆ ಮಾತು ಹೊರಡಲಿಲ್ಲ.

ಯಾರ ಹೆಸರು ಮೇಲೆ ಬರಬೇಕೆಂಬ ಪ್ರಶ್ನೆಯೂ ಶೆಡ್ಡಿನಲ್ಲೇ ಎದ್ದಿತು. ಹುದ್ದೆಯ ಪ್ರಕಾರ ಬರೆದರೆ ವಾಚರ್ ಕಟ್ಟಕಡೆಗೆ ಹೋಗುತ್ತಾರೆ. 2018ರ ಮಾರ್ಚ್ 3ರಂದು ಡಿ.ಬಿ. ಕುಪ್ಪೆ ಭಾಗದ ಕಾಡಿನಲ್ಲಿ ನಾಗರಹೊಳೆಯ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್ ಅವರೇ ಆನೆಯ ದಾಳಿಗೆ ಬಲಿಯಾದರು. 1991ರ ನವೆಂಬರ್ 10ರಂದು ವೀರಪ್ಪನ್ ಕೈಯಲ್ಲಿ ಹತರಾದ ಪಿ. ಶ್ರೀನಿವಾಸ್ ಅವರೂ ಹಿರಿಯ ಅಧಿಕಾರಿಯೇ ಆಗಿದ್ದರು. ಕಾಡಿನ ಅಪಾಯ ಹುದ್ದೆ ನೋಡದಿರುವಾಗ ಕಲ್ಲು ಮಾತ್ರ ಏಕೆ ನೋಡಬೇಕೆಂದು ಗಾರ್ಡ್ ಒಬ್ಬರು ಕೇಳಿದ ಮೇಲೆ, ಹುದ್ದೆಗಳನ್ನು ಪೂರ್ತಿ ಕೈಬಿಟ್ಟು ಸಾವಿನ ದಿನಾಂಕದ ಕ್ರಮದಲ್ಲಿ ಕೆತ್ತಿಸಿದೆವು. ಸೆಪ್ಟೆಂಬರ್ 11 ಎಂಬ ದಿನವೇ 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರಗಳನ್ನು ಉಳಿಸಲು ಪ್ರಾಣ ಕೊಟ್ಟ 363 ಬಿಷ್ಣೋಯಿಗಳ ನೆನಪಿನದು. ಅವರಲ್ಲಿ ಯಾರಿಗೂ ಹುದ್ದೆ ಇರಲಿಲ್ಲ.

ಅಳತೆ ಗುರುತು ಮಾಡುವಾಗ ಅವರು, ‘ಕೆಳಗೆ ಎಷ್ಟು ಜಾಗ ಬಿಡಲಿ?’ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ನಾವು ಆರು ಜನ ನಿಂತಿದ್ದೆವು, ಅವರಲ್ಲಿ ನಾಲ್ವರು ಇನ್ನೂ ಸೇವೆಯಲ್ಲಿರುವವರು. ಬಿಡುವುದೇ ಬೇಡ ಎಂದು ಕೊನೆಗೆ ಒಬ್ಬರು ಹೇಳಿದರು, ಹಾಗೆಯೇ ಆಯಿತು.

ಕೊರತೆಗಳೂ ಇವೆ. ಆಗಸ್ಟ್ ಕೊನೆಗೆ ಕೊಡುತ್ತೇನೆಂದ ಕಲ್ಲು ಕೈಸೇರಿದ್ದು ಸೆಪ್ಟೆಂಬರ್ 9ರ ಸಂಜೆ. ಪೀಠದ ಸಿಮೆಂಟು ಸರಿಯಾಗಿ ಹಿಡಿಯಲು ಸಮಯ ಸಾಲದೆ, ಹುತಾತ್ಮರ ದಿನ ಕಲ್ಲಿಗೆ ಮರದ ಆಸರೆ ಕೊಟ್ಟೇ ಹೂಗುಚ್ಛ ಇಡಬೇಕಾಯಿತು. ಆ ನೋವು ತಪ್ಪಿಸಬಹುದಿತ್ತು. ಕಂಪ್ಯೂಟರಿನಲ್ಲಿ ಅಕ್ಷರಶೈಲಿ ಬದಲಿಸುವಾಗ ‘ಕರ್ತವ್ಯ’ದ ಅರ್ಕಾವೊತ್ತು ಬೇರೆ ಅಕ್ಷರದ ಪಕ್ಕಕ್ಕೆ ಜಿಗಿದಿತ್ತು, ಕರಡಿನಲ್ಲಿ ನಾನು ಗಮನಿಸದಿದ್ದರೆ ಕಲ್ಲಿನ ಮೇಲೂ ಹಾಗೆಯೇ ಉಳಿಯುತ್ತಿತ್ತು. ಕನ್ನಡದಲ್ಲಿ ಕೆತ್ತಿಸುವವರು ಒತ್ತಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಓದಬೇಕು, ಒಬ್ಬರಲ್ಲ, ಇಬ್ಬರು. ಅಕ್ಷರಗಳಿಗೆ ತುಂಬಿದ ಬಿಳಿ ಬಣ್ಣ ಮೊದಲ ಮಳೆಗೇ ಎರಡು ಕಡೆ ಎದ್ದುಹೋಯಿತು. ತಿಳಿಸಿದಾಗ ಅವರು ತಮ್ಮ ಖರ್ಚಿನಲ್ಲೇ ಬಂದು, ಬಿಸಿಲು ಕಂಡ ದಿನ ನೋಡಿ ಮತ್ತೆ ತುಂಬಿಕೊಟ್ಟರು.

ಹಾಗಾಗಿ ಮಳೆಗಾಲಕ್ಕೆ ಮುಂಚೆ, ಸಾಧ್ಯವಾದರೆ ಏಪ್ರಿಲ್‌ನಲ್ಲೇ ಕೆಲಸ ಒಪ್ಪಿಸುವುದು ಒಳ್ಳೆಯದು. ಪಾಚಿ ತೆಗೆಯಲು ಆ್ಯಸಿಡ್ ಬಳಸಬೇಡಿ, ತೆಂಗಿನ ನಾರು ಮತ್ತು ನೀರು ಸಾಕು ಎಂದು ಅವರು ಹೇಳಿ ಹೋಗಿದ್ದಾರೆ. ಈಗ ಪ್ರತಿ ತಿಂಗಳ ಮೊದಲ ವಾರ ಗಸ್ತಿನಿಂದ ಮರಳಿದವರು ಆ ಕೆಲಸ ಮಾಡುತ್ತಾರೆ. ಉಜ್ಜುವವರು ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾರೆ.